ಮನೆಮಂದಿಯ ಗ್ರಂಥಭಂಡಾರ

ಅನ್ನವನ್ನು ಒಬ್ಬನು ಉಂಡರೆ ಇನ್ನೊಬ್ಬನ ಪಾಲಿಗೆ ಅಷ್ಟು ಕಡಿಮೆಯಾಗುತ್ತದೆ. ಬಟ್ಟೆಯನ್ನು ಉಟ್ಟಂತೆಲ್ಲ ಅದು ಸವೆಯುತ್ತದೆ. ಪುಸ್ತಕದ ರೀತಿ ಬೇರೆ. ತಂದೆ ಓದಿ ಮುಗಿಸಿದ ಕಾದಂಬರಿಯನ್ನು ತಾಯಿ ಓದುತ್ತಾಳೆ. ತಾಯಿಯಿಂದ ಅದು ಮಕ್ಕಳ ಕೈಗೆ, ಮಕ್ಕಳಿಂದ ನೆರೆಮನೆಗೆ ಹೋಗುತ್ತದೆ. ಅಷ್ಟು ಜನ ಓದಿದರೂ ಅದರೊಳಗಿನ ಕಥೆಯಲ್ಲಿ ಒಂದಕ್ಷರವೂ ಕಡಿಮೆಯಾಗುವುದಿಲ್ಲ. ಆದುದರಿಂದಲೇ ಪುಸ್ತಕವನ್ನು ಹಂಚಿಕೊಂಡು ಓದುವ ಪದ್ಧತಿಯು ಬಹು ಹಳೆಯದು. ಇಂದು ಪುಸ್ತಕವು ಕಾಗದದ ಮೇಲೆ ಮಾತ್ರವಲ್ಲದೆ ಮೊಬೈಲಿನ ತೆರೆಯ ಮೇಲೂ ಮೂಡುತ್ತಿದೆ. ತಿಂಗಳಿಗೋ ವರ್ಷಕ್ಕೋ ಇಂತಿಷ್ಟು ಚಂದಾ ಕಟ್ಟಿದರೆ ಸಾವಿರಾರು ಡಿಜಿಟಲ್ ಪುಸ್ತಕಗಳನ್ನು ಓದುವ ಅನುಕೂಲ ದೊರೆತಿದೆ. ಅಂತಹ ಚಂದಾವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬಹುದೇ? ಹಂಚಿಕೊಂಡಾಗ ನಿಜವಾಗಿ ಕೈಗೆ ಬರುವುದೇನು? ಇವನ್ನು ತಿಳಿಯಲು ಹಂಚಿಕೆಯ ಹಳೆಯ ಬಗೆಗಳನ್ನು ಮೊದಲು ಗಮನಿಸಬೇಕು.

ತಾಳೆಗರಿಯ ಕಾಲದಲ್ಲಿ ಗ್ರಂಥದ ಒಂದು ಪ್ರತಿ ಬೇಕಾದರೆ ಲಿಪಿಕಾರನು ಅದನ್ನು ಅಕ್ಷರ ಅಕ್ಷರವಾಗಿ ಬರೆದು ಸಿದ್ಧಪಡಿಸಬೇಕಾಗಿತ್ತು. ಗ್ರಂಥವು ಅಷ್ಟು ದುರ್ಲಭವಾಗಿದ್ದ ೧೦ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ೧೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಜೈನರು ಶಾಸ್ತ್ರದಾನವನ್ನು ಆಹಾರ, ಅಭಯ, ಔಷಧ ದಾನಗಳ ಸಾಲಿನಲ್ಲಿ ಇರಿಸಿ ಗೌರವಿಸಿದರು. ಆದರೆ ಅಂತಹ ದಾನಿಗಳು ಎಲ್ಲ ಕಾಲದಲ್ಲಿಯೂ ದೊರೆಯುವುದಿಲ್ಲ. ಸಾಮಾನ್ಯ ಜನರು ಸ್ವಲ್ಪ ಸ್ವಲ್ಪ ಹಣ ಕೂಡಿಸಿ ಪುಸ್ತಕಗಳನ್ನು ಪಡೆಯುವ ಬೇರೊಂದು ದಾರಿ ಬೇಕಾಗಿತ್ತು. ಆ ದಾರಿಯೇ ಚಂದಾ.

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ೧೭೩೧ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ಗೆಳೆಯರೊಡನೆ ಸೇರಿ ಒಂದು ಚಂದಾ ಗ್ರಂಥಾಲಯವನ್ನು ಸ್ಥಾಪಿಸಿದನು. ೫೦ ಮಂದಿ ಸದಸ್ಯರು ಮೊದಲು ೪೦ ಷಿಲಿಂಗ್, ಅನಂತರ ವರ್ಷಕ್ಕೆ ೧೦ ಷಿಲಿಂಗ್ ಕೊಡಬೇಕೆಂಬುದು ಅದರ ಏರ್ಪಾಡು. ಒಬ್ಬೊಬ್ಬರಾಗಿ ಕೊಳ್ಳಲಾಗದ ಗ್ರಂಥಗಳು ಎಲ್ಲರೂ ಕೂಡಿದಾಗ ಕೈಗೆಟುಕಿದವು. ೧೮೪೨ರಲ್ಲಿ ಲಂಡನ್ನಿನಲ್ಲಿ ಮ್ಯೂಡಿ ಎಂಬ ಪುಸ್ತಕ ವ್ಯಾಪಾರಿಯು ವರ್ಷಕ್ಕೆ ಒಂದು ಗಿನಿ ಪಡೆದು, ಒಂದು ಸಲಕ್ಕೆ ಒಂದು ಸಂಪುಟದಂತೆ ಎರವಲು ಕೊಡಲು ತೊಡಗಿದನು. ಆ ಕಾಲದ ಕಾದಂಬರಿಗಳು ಸಾಮಾನ್ಯವಾಗಿ ಮೂರು ಸಂಪುಟಗಳಲ್ಲಿ ಅಚ್ಚಾಗುತ್ತಿದ್ದವು. ಮನೆಯವರೆಲ್ಲ ಒಂದೇ ಕಾಲಕ್ಕೆ ಓದಬೇಕೆಂದರೆ ಹೆಚ್ಚಿನ ಚಂದಾ ತೆರಬೇಕಾಗಿತ್ತು. ಚಂದಾ ನಿಂತರೆ ಓದೂ ನಿಲ್ಲುತ್ತಿತ್ತು.

ಕನ್ನಡ ನಾಡಿನಲ್ಲಿ ಚಂದಾ ಪದ್ಧತಿಯು ಬೇರೊಂದು ರೂಪವನ್ನು ತಾಳಿತು. ಗಳಗನಾಥರು ತಾವು ಬರೆದ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿ ಓದುಗರನ್ನು ಬೆಳೆಸಿದರು. ಮುಂದೆ ೧೯೩೩ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬೆಂಬಲದಿಂದ ಬೆಳೆಯಿತು. ಇಲ್ಲಿ ಚಂದಾ ಕಟ್ಟಿದವನಿಗೆ ಪುಸ್ತಕವೇ ಮನೆಗೆ ಬರುತ್ತಿತ್ತು. ಬಂದ ಪುಸ್ತಕ ಅವನ ಸ್ವತ್ತಾಗುತ್ತಿತ್ತು. ಮರುವರ್ಷ ಚಂದಾ ಕಟ್ಟದಿದ್ದರೂ ಕಪಾಟಿನಲ್ಲಿದ್ದ ಪುಸ್ತಕವನ್ನು ಯಾರೂ ಮರಳಿ ಕೇಳುವಂತಿರಲಿಲ್ಲ. ಹೀಗೆ ಚಂದಾದಲ್ಲಿ ಎರಡು ಬಗೆ: ಪುಸ್ತಕವನ್ನು ಕೊಡುವ ಚಂದಾ ಒಂದು, ಓದುವ ಅನುಮತಿಯನ್ನು ಮಾತ್ರ ಕೊಡುವ ಚಂದಾ ಮತ್ತೊಂದು. ಡಿಜಿಟಲ್ ಚಂದಾ ಇವುಗಳಲ್ಲಿ ಎರಡನೆಯ ಬಗೆಗೆ ಸೇರಿದುದು. ಈ ಭೇದವನ್ನು ಮನಗಂಡರೆ ಮುಂದಿನ ವಿಷಯಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ಡಿಜಿಟಲ್ ಪುಸ್ತಕದ ಚರಿತ್ರೆ ದೀರ್ಘವಾದುದೇನಲ್ಲ. ೧೯೭೧ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಹಾರ್ಟ್ ಎಂಬ ತರುಣನು ಆ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಗಣಕಯಂತ್ರಕ್ಕೆ ಬೆರಳಚ್ಚು ಮಾಡಿ, ಯಾರು ಬೇಕಾದರೂ ಓದಬಹುದೆಂದು ತೆರೆದಿಟ್ಟನು. ಗುಟೆನ್‌ಬರ್ಗ್ ಯೋಜನೆಯೆಂದು ಹೆಸರಾದ ಉಚಿತ ಗ್ರಂಥಭಂಡಾರವು ಹುಟ್ಟಿದುದು ಹೀಗೆ. ೨೦೦೭ರಲ್ಲಿ ಅಮೆಜಾನ್ ಸಂಸ್ಥೆಯು ಕಿಂಡಲ್ ಎಂಬ ಓದುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಆ ಬಳಿಕ ಡಿಜಿಟಲ್ ಪುಸ್ತಕದ ವ್ಯಾಪಾರವು ವೇಗವಾಗಿ ಹಬ್ಬಿತು.

ಮುದ್ರಿತ ಪುಸ್ತಕದ ಇನ್ನೊಂದು ಪ್ರತಿಗೆ ಕಾಗದ, ಮಸಿ, ಶ್ರಮ ಎಲ್ಲವೂ ಬೇಕು. ಡಿಜಿಟಲ್ ಪುಸ್ತಕದ ಪ್ರತಿಯಾದರೋ ಕ್ಷಣಮಾತ್ರದಲ್ಲಿ, ಖರ್ಚಿಲ್ಲದೆ ಸಿದ್ಧವಾಗುತ್ತದೆ. ಒಬ್ಬನು ಕೊಂಡು ಊರಿಗೆಲ್ಲ ಪ್ರತಿ ಮಾಡಿ ಹಂಚಿದರೆ ಲೇಖಕನ ದುಡಿಮೆಗೆ ಫಲವೇ ಇಲ್ಲದಂತಾಗುತ್ತದೆ. ಆದುದರಿಂದ ಮಾರಾಟಗಾರರು ಇಂತಹ ಪುಸ್ತಕಗಳಿಗೆ ಕಣ್ಣಿಗೆ ಕಾಣದ ಒಂದು ಬೀಗವನ್ನು ಹಾಕುತ್ತಾರೆ. ಹಣ ಕೊಟ್ಟವನ ಖಾತೆಯಲ್ಲಿ ಮಾತ್ರ ಆ ಬೀಗ ತೆರೆಯುತ್ತದೆ. ೧೯೫೭ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗವನ್ನು ಮುರಿಯುವುದು ಶಿಕ್ಷಾರ್ಹ ಅಪರಾಧ.

ಬೀಗದ ಕೀಲಿಯು ಮಾರಾಟಗಾರನ ಕೈಯಲ್ಲಿಯೇ ಉಳಿಯುವುದರ ಪರಿಣಾಮವೇನೆಂಬುದು ೨೦೦೯ರ ಜುಲೈ ತಿಂಗಳಲ್ಲಿ ಜಗತ್ತಿಗೆ ತಿಳಿಯಿತು. ಜಾರ್ಜ್ ಆರ್ವೆಲನ ಎರಡು ಕಾದಂಬರಿಗಳ ಪ್ರತಿಗಳನ್ನು, ಮಾರುವ ಹಕ್ಕಿಲ್ಲದವರು ಅಮೆಜಾನಿನ ಅಂಗಡಿಯಲ್ಲಿ ಇಟ್ಟಿದ್ದರು. ವಿಷಯ ತಿಳಿದೊಡನೆ ಸಂಸ್ಥೆಯು ಓದುಗರ ಸಾಧನಗಳಿಂದಲೇ ಆ ಪುಸ್ತಕಗಳನ್ನು ದೂರದಿಂದ ಅಳಿಸಿಹಾಕಿತು, ಹಣವನ್ನೂ ಹಿಂದಿರುಗಿಸಿತು. ಆದರೆ ಶಾಲೆಯ ಪಾಠಕ್ಕಾಗಿ ಪುಸ್ತಕದೊಳಗೆ ಟಿಪ್ಪಣಿ ಬರೆದಿಟ್ಟುಕೊಂಡಿದ್ದ ವಿದ್ಯಾರ್ಥಿಯೊಬ್ಬನಿಗೆ, ಮೂಲವೇ ಇಲ್ಲವಾದುದರಿಂದ ಆ ಟಿಪ್ಪಣಿಗಳು ನಿರುಪಯುಕ್ತವಾದವು. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಹಣ ಕೊಟ್ಟು ಕೊಂಡ ಮುದ್ರಿತ ಪುಸ್ತಕವನ್ನು ಹೀಗೆ ಮನೆಯೊಳಗಿಂದ ಒಯ್ಯಲು ಅಂಗಡಿಯವನಿಗೆ ಸಾಧ್ಯವಿಲ್ಲ.

ಈಗ ಮನೆಮಂದಿಯ ಹಂಚಿಕೆಯ ವಿಚಾರ. ಜನರು ಒಟ್ಟಿಗೆ ಓದಬಯಸುವುದು ಸಹಜವೆಂದರಿತ ಕೆಲವು ಸಂಸ್ಥೆಗಳು ಕುಟುಂಬದ ಹಂಚಿಕೆಗೆ ತಾವೇ ಅವಕಾಶ ಕಲ್ಪಿಸಿವೆ. ಆಪಲ್ ಸಂಸ್ಥೆ ೨೦೧೪ರಲ್ಲಿಯೂ ಗೂಗಲ್ ಸಂಸ್ಥೆ ೨೦೧೬ರಲ್ಲಿಯೂ ಇಂತಹ ವ್ಯವಸ್ಥೆಯನ್ನು ತಂದವು. ಇದರಲ್ಲಿ ಮನೆಯ ಹಿರಿಯರೊಬ್ಬರು ಗುಂಪಿನ ಯಜಮಾನರಾಗಿ ಇನ್ನೂ ೫ ಮಂದಿಯನ್ನು ಸೇರಿಸಿಕೊಳ್ಳಬಹುದು. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರುತ್ತದೆ. ಯಜಮಾನರು ಕೊಂಡ ಪುಸ್ತಕವನ್ನು, ಅದು ಹಂಚಿಕೆಗೆ ಒಳಪಟ್ಟಿದ್ದರೆ, ಉಳಿದವರು ತಮ್ಮ ತಮ್ಮ ಸಾಧನಗಳಲ್ಲಿ ಓದಬಹುದು. ಮಕ್ಕಳು ಏನನ್ನಾದರೂ ಕೊಳ್ಳಬಯಸಿದರೆ ಹಿರಿಯರ ಒಪ್ಪಿಗೆ ಬೇಕೆಂದು ಕಟ್ಟುಪಾಡು ಮಾಡಲೂ ಅವಕಾಶವುಂಟು.

ಬಿಡಿಬಿಡಿಯಾಗಿ ಕೊಂಡ ಪುಸ್ತಕಗಳಿಗೆ ಇರುವ ನಿಯಮವು ಚಂದಾ ಪುಸ್ತಕಗಳಿಗೂ ಇರಲೇಬೇಕೆಂದಿಲ್ಲ. ಚಂದಾದಾರನು ಓದುತ್ತಿರುವ ಪುಸ್ತಕಗಳು ಎರವಲು ತಂದವುಗಳಂತೆ. ಚಂದಾ ಮುಗಿದಾಗ ಅವು ಅವನ ಕೈತಪ್ಪುತ್ತವೆ. ಕೆಲವು ಚಂದಾಗಳು ಇಡೀ ಕುಟುಂಬಕ್ಕೆ ಅನ್ವಯಿಸಿದರೆ, ಕೆಲವು ಒಬ್ಬನಿಗೆ ಮಾತ್ರ ಮೀಸಲು. ಆದುದರಿಂದ ಹಣ ಕಟ್ಟುವ ಮೊದಲು ಮೂರು ಸಂಗತಿಗಳನ್ನು ವಿಚಾರಿಸಬೇಕು: ಎಷ್ಟು ಮಂದಿ ಓದಬಹುದು? ಒಂದೇ ಕಾಲಕ್ಕೆ ಎಷ್ಟು ಸಾಧನಗಳಲ್ಲಿ ಓದಬಹುದು? ಚಂದಾ ನಿಂತ ಮೇಲೆ ಉಳಿಯುವುದೇನು?

ಕುಟುಂಬವೆಂದರೆ ಯಾರು ಎಂಬುದನ್ನೂ ಇಲ್ಲಿ ನಿಯಮವೇ ನಿರ್ಣಯಿಸುತ್ತದೆ. ಉದಾಹರಣೆಗೆ, ಗೂಗಲಿನ ಕುಟುಂಬದ ಗುಂಪಿನಲ್ಲಿರುವವರೆಲ್ಲರೂ ಒಂದೇ ದೇಶದಲ್ಲಿ ವಾಸಿಸತಕ್ಕದ್ದು. ಅಜ್ಜ ಅಜ್ಜಿ ಹಳ್ಳಿಯಲ್ಲಿ, ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ ಇರುವ ಸಂಸಾರಗಳು ಕನ್ನಡ ನಾಡಿನಲ್ಲಿ ಇಂದು ಅಪರೂಪವಲ್ಲ. ಅಂತಹ ಮನೆಯಲ್ಲಿ ಅಜ್ಜನೂ ಮಗನೂ ಒಂದು ಗುಂಪಿಗೆ ಸೇರಬಹುದು, ಮಗಳು ಸೇರುವಂತಿಲ್ಲ. ಅವಳಿಗೆ ಅಜ್ಜಿಯು ಚಕ್ಕುಲಿ, ಉಪ್ಪಿನಕಾಯಿಗಳ ಜೊತೆಗೆ ಕಟ್ಟಿ ಕಳುಹಿಸುವ ಮುದ್ರಿತ ಕಾದಂಬರಿಗೆ ಯಾವ ಗಡಿಯೂ ಅಡ್ಡಿಯಾಗುವುದಿಲ್ಲ.

ಇಷ್ಟೆಲ್ಲ ನಿಯಮಗಳೇಕೆ, ಒಬ್ಬರ ಗುಪ್ತಪದವನ್ನೇ ಎಲ್ಲರಿಗೂ ಹೇಳಿದರಾಯಿತು ಎಂದು ಕೆಲವರು ಭಾವಿಸುವುದುಂಟು. ಇದರಿಂದ ತೊಡಕುಗಳು ಹೆಚ್ಚು. ಖಾತೆಗೆ ಹಣದ ವ್ಯವಹಾರವೂ ಅಂಟಿಕೊಂಡಿರುವುದರಿಂದ ಗುಪ್ತಪದವು ಬಾಯಿಂದ ಬಾಯಿಗೆ ಹರಡುವುದು ಅಪಾಯಕರ. ಇಬ್ಬರು ಒಂದೇ ಖಾತೆಯಲ್ಲಿ ಒಂದೇ ಪುಸ್ತಕವನ್ನು ಓದಿದರೆ, ಯಾರು ಯಾವ ಪುಟದಲ್ಲಿ ನಿಲ್ಲಿಸಿದರೆಂಬ ಗುರುತು ಕಲಸಿಹೋಗುತ್ತದೆ. ಅದಕ್ಕಿಂತ ಸೂಕ್ಷ್ಮವಾದುದು ಓದಿನ ಏಕಾಂತ. ತನ್ನ ಕಾಯಿಲೆಯ ವಿಷಯವಾಗಿ ತಾಯಿಯೋ, ಮನಸ್ಸಿನ ತೊಳಲಾಟದ ವಿಷಯವಾಗಿ ಹರೆಯದ ಮಗಳೋ ಒಂದು ಪುಸ್ತಕವನ್ನು ಓದುತ್ತಿರಬಹುದು. ಅದು ಎಲ್ಲರ ಕಣ್ಣಿಗೆ ಬೀಳಬೇಕಾಗಿಲ್ಲ. ಪ್ರತ್ಯೇಕ ಖಾತೆಯು ಆ ಏಕಾಂತವನ್ನು ಬಹುಮಟ್ಟಿಗೆ ಕಾಪಾಡುತ್ತದೆ.

ಲೇಖಕನ ಹಿತವೂ ಇದರಲ್ಲಿ ಅಡಗಿದೆ. ಅಮೆಜಾನಿನ ಚಂದಾ ಯೋಜನೆಯಲ್ಲಿ ಸ್ವಂತವಾಗಿ ಕೃತಿ ಪ್ರಕಟಿಸುವ ಲೇಖಕರಿಗೆ ೨೦೧೫ರಿಂದ ಓದಿದ ಪುಟಗಳ ಎಣಿಕೆಯಂತೆ ಸಂಭಾವನೆ ಸಲ್ಲುತ್ತಿದೆ. ಕದ್ದ ಪ್ರತಿಯನ್ನು ಊರೆಲ್ಲ ಓದಿದರೂ ಲೇಖಕನಿಗೆ ಕಾಸೂ ದೊರೆಯದು. ಕುಟುಂಬದ ಹಂಚಿಕೆಯನ್ನು ಅದರ ಮಿತಿಯೊಳಗೆ ಬಳಸುವುದು ಅವನ ದುಡಿಮೆಗೆ ಸಲ್ಲಿಸುವ ಮರ್ಯಾದೆ.

ಯಾವ ಬೀಗವೂ ಇಲ್ಲದೆ ಹಂಚಿಕೊಳ್ಳಬಹುದಾದ ಸಂಪತ್ತೂ ಅಪಾರವಾಗಿದೆ. ಭಾರತದ ಕಾಯಿದೆಯಂತೆ ಲೇಖಕನು ತೀರಿಕೊಂಡ ಮುಂದಿನ ವರ್ಷದಿಂದ ೬೦ ವರ್ಷಗಳು ಕಳೆದರೆ ಕೃತಿಸ್ವಾಮ್ಯವು ಮುಗಿಯುತ್ತದೆ. ೧೯೩೭ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, ೧೯೪೨ರಲ್ಲಿ ತೀರಿಕೊಂಡ ಗಳಗನಾಥರು, ೧೯೪೬ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ಇಂದು ಸರ್ವಜನರ ಸ್ವತ್ತು. ಖರಗ್‌ಪುರದ ಐ.ಐ.ಟಿ. ಸಂಸ್ಥೆಯು ರೂಪಿಸಿದ ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ೨೦೧೮ರಲ್ಲಿ ದೇಶಕ್ಕೆ ಸಮರ್ಪಿತವಾಯಿತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯು ೨೦೨೦ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಇವುಗಳಿಗಿಂತ ಬಹು ಮೊದಲೇ, ೧೯೬೫ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಗ್ರಂಥಾಲಯಗಳಿಗಾಗಿ ಕರವನ್ನು ಗೊತ್ತುಪಡಿಸಿತು. ಸ್ವತ್ತಿನ ತೆರಿಗೆಯೊಡನೆ ಈ ಕರವನ್ನು ಕಟ್ಟುವ ಕುಟುಂಬವು ಊರಿನ ಗ್ರಂಥಾಲಯಕ್ಕೆ ಆಗಲೇ ತನ್ನ ಪಾಲಿನ ಚಂದಾ ಸಲ್ಲಿಸಿದಂತಾಯಿತು.

ಉಳಿದಿರುವುದು ಮುಂದಿನ ಪೀಳಿಗೆಯ ಮಾತು. ಅಜ್ಜನು ಕೊಂಡ ಪುಸ್ತಕವು ಅವನ ಹಸ್ತಾಕ್ಷರದೊಡನೆ, ಅಂಚಿನಲ್ಲಿ ಅವನು ಬರೆದ ಮಾತುಗಳೊಡನೆ ಮೊಮ್ಮಗಳಿಗೆ ಬಂದು ಸೇರುತ್ತದೆ. ಡಿಜಿಟಲ್ ಪುಸ್ತಕಗಳ ಖಾತೆಯನ್ನು ಬೇರೊಬ್ಬರಿಗೆ ವರ್ಗಾಯಿಸಲು ಅನೇಕ ಸಂಸ್ಥೆಗಳ ನಿಯಮಗಳು ಅವಕಾಶ ಕೊಡುವುದಿಲ್ಲ. ಹಾಗೆಂದು ಡಿಜಿಟಲ್ ಚಂದಾವನ್ನು ಅಲ್ಲಗಳೆಯುವುದು ವಿವೇಕವಲ್ಲ. ಕಣ್ಣು ಮಂಜಾದ ಅಜ್ಜಿಗೆ ಅಕ್ಷರವನ್ನು ದೊಡ್ಡದಾಗಿ ತೋರಿಸುವುದು ಅದೇ ತೆರೆ. ಪುಸ್ತಕದಂಗಡಿಯಿಲ್ಲದ ಹಳ್ಳಿಯ ಬಾಲಕನಿಗೆ ನಡುರಾತ್ರಿಯಲ್ಲಿಯೂ ಗ್ರಂಥಾಲಯದ ಬಾಗಿಲು ತೆರೆಯುವುದು ಅದೇ ಸಾಧನ. ಹಲವು ಪುಸ್ತಕಗಳ ಪರಿಚಯಕ್ಕೆ ಚಂದಾವನ್ನು ಬಳಸಿ, ಮತ್ತೆ ಮತ್ತೆ ಓದಬೇಕೆನಿಸುವ ಕೆಲವನ್ನು ಮುದ್ರಿತ ರೂಪದಲ್ಲಿ ಕೊಂಡಿಡುವ ಮನೆಯು ಎರಡರ ಪ್ರಯೋಜನವನ್ನೂ ಪಡೆಯುತ್ತದೆ. ತಿಂಗಳಿಗೊಮ್ಮೆಯಾದರೂ ಮನೆಮಂದಿಯೆಲ್ಲ ಒಂದೇ ಪುಸ್ತಕವನ್ನು ಓದಿ, ಊಟದ ಹೊತ್ತಿನಲ್ಲಿ ಅದರ ಕುರಿತು ಮಾತನಾಡಿದರೆ ಕಟ್ಟಿದ ಚಂದಾ ಸಾರ್ಥಕವಾಗುತ್ತದೆ.