ಕಣ್ಣಿನ ಸಾಧನೆಯೂ ದೇಹದ ಸಮತೋಲವೂ

ಖೋಖೋ ಆಟದಲ್ಲಿ ಕಂಬವನ್ನು ಸುತ್ತಿ ತಿರುಗುವ ಹುಡುಗನು ಆಯ ತಪ್ಪಿ ಬಿದ್ದರೆ, “ಕಾಲು ನೋಡಿಕೊಂಡು ಓಡಬಾರದೇನೋ?” ಎಂದು ಹಿರಿಯರು ಗದರಿಸುವುದುಂಟು. ನಾನೂ ಹಾಗೆ ಗದರಿಸಿದವನೇ. ಆದರೆ ಶರೀರಶಾಸ್ತ್ರವನ್ನು ಓದಿದ ಮೇಲೆ, ತಪ್ಪು ಯಾವಾಗಲೂ ಕಾಲಿನದೇ ಅಲ್ಲವೆಂದು ಮನಗಂಡೆನು.

ನಮ್ಮ ದೇಹವನ್ನು ಬೀಳದಂತೆ ಕಾಯುವವರು ಮೂವರು: ಕಣ್ಣು, ಒಳಕಿವಿ, ಮತ್ತು ಸ್ನಾಯು, ಕೀಲು, ಅಂಗಾಲುಗಳಲ್ಲಿರುವ ಅರಿವು. ಇವರಲ್ಲಿ ಕಣ್ಣಿನ ಪಾಲೆಷ್ಟೆಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಗೆಳೆಯನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂಟಿ ಕಾಲಿನಲ್ಲಿ ನಿಲ್ಲಿರಿ; ಬಳಿಕ ಕಣ್ಣು ಮುಚ್ಚಿರಿ. ಕೆಲವೇ ಕ್ಷಣಗಳಲ್ಲಿ ದೇಹವು ಓಲಾಡತೊಡಗುವುದು.

ಒಳಕಿವಿಯ ಕೆಲಸ ಇನ್ನೂ ಸೋಜಿಗದ್ದು. ಒಂದೊಂದು ಕಿವಿಯೊಳಗೂ ದ್ರವ ತುಂಬಿದ, ಬಾಗಿದ ಮೂರು ಸಣ್ಣ ನಾಳಗಳಿವೆ. ತಲೆ ತಿರುಗಿದಾಗ ದ್ರವವು ಹಿಂದುಳಿದು, ಅಲ್ಲಿರುವ ಸೂಕ್ಷ್ಮವಾದ ರೋಮಗಳನ್ನು ಬಾಗಿಸುತ್ತದೆ. ಆ ಸುದ್ದಿಯು ನರದ ಮೂಲಕ ಮೆದುಳಿಗೆ ಹೋಗುತ್ತದೆ. ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಹೊರಡುತ್ತದೆ. ತಲೆ ಬಲಕ್ಕೆ ತಿರುಗಿದರೆ ಕಣ್ಣು ಅಷ್ಟೇ ಎಡಕ್ಕೆ ಹೊರಳುವುದು. ಇದೆಲ್ಲವೂ ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಕಾಲದಲ್ಲಿ ನಡೆದುಹೋಗುತ್ತದೆ! ಕಿವಿಯೊಳಗೆ ಬಿಸಿನೀರನ್ನೋ ತಣ್ಣೀರನ್ನೋ ಹನಿಸಿದರೆ ಕಣ್ಣು ಅದುರುವುದನ್ನು ಪರಿಶೀಲಿಸಿ, ಈ ಅಂಗದ ವಿಷಯದಲ್ಲಿ ಸಂಶೋಧನೆ ನಡೆಸಿದ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಪಾರಿತೋಷಕ ದೊರೆಯಿತು. ಆ ವಾರ್ತೆ ಬಂದಾಗ ಆತನು ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು.

ಈಗ ಈ ಸಂಚಿಕೆಯನ್ನೇ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಬೇಗಬೇಗನೆ ಅಲ್ಲಾಡಿಸಿರಿ, ಅಕ್ಷರಗಳು ಕಲಸಿಹೋಗುವುವು. ಸಂಚಿಕೆಯನ್ನು ಸ್ಥಿರವಾಗಿ ಹಿಡಿದು, ಅಷ್ಟೇ ವೇಗವಾಗಿ ತಲೆಯನ್ನು ಅಲ್ಲಾಡಿಸಿರಿ, ಓದಲು ಬರುವುದು. ಓಡುವ ಆಟಗಾರನಿಗೆ ಚೆಂಡೂ ಎದುರಾಳಿಯೂ ಸ್ಪಷ್ಟವಾಗಿ ಕಾಣುವುದು ಈ ಶಕ್ತಿಯಿಂದಲೇ.

ಈ ಶಕ್ತಿಯನ್ನು ತಿದ್ದಲು ಬರುವುದೇ? ಬರುತ್ತದೆ. ಹೊಸ ಕನ್ನಡಕ ಹಾಕಿಕೊಂಡ ಮೊದಲ ದಿನಗಳಲ್ಲಿ ನೆಲವೇ ಓಲಾಡಿದಂತೆ ತೋರಿ, ಕ್ರಮೇಣ ಸರಿಹೋಗುವುದನ್ನು ಅನೇಕ ತಂದೆತಾಯಿಗಳು ಬಲ್ಲರು. ನೋಟ ಜಾರಿದಾಗಲೆಲ್ಲ ಕಿರುಮೆದುಳು ಲೆಕ್ಕವನ್ನು ತಿದ್ದಿಕೊಳ್ಳುವುದೇ ಇದರ ಗುಟ್ಟು. 1940ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯರಾದ ಕಾಥಾರ್ನ್ ಮತ್ತು ಕುಕ್ಸಿ ಎಂಬವರು, ತಲೆಸುತ್ತಿನಿಂದ ಬಳಲುವ ರೋಗಿಗಳಿಗೆ ಇಂತಹ ವ್ಯಾಯಾಮಗಳನ್ನು ಏರ್ಪಡಿಸಿದರು. ಮೊದಲು ಮಲಗಿಕೊಂಡೇ ಕಣ್ಣಿನ ಚಲನೆ, ಆಮೇಲೆ ತಲೆಯ ಚಲನೆ, ಅನಂತರ ಕುಳಿತು, ನಿಂತು, ನಡೆದು ಮಾಡುವ ಅಭ್ಯಾಸ—ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅವು ಸಾಗುತ್ತವೆ. ಇಂದು ಆಟದಲ್ಲಿ ತಲೆಗೆ ಪೆಟ್ಟು ತಿಂದವರಿಗೂ ವೈದ್ಯರು ತಮ್ಮ ಮೇಲ್ವಿಚಾರಣೆಯಲ್ಲಿ ಇದೇ ಬಗೆಯ ಅಭ್ಯಾಸ ಮಾಡಿಸುತ್ತಾರೆ.

ಆರೋಗ್ಯವಂತ ವಿದ್ಯಾರ್ಥಿಗಳು ಮಾಡಬಹುದಾದ ಸಾಧನೆ ಬಹಳ ಸುಲಭ. ತೋಳು ಚಾಚಿ, ಹೆಬ್ಬೆರಳಿನ ಉಗುರಿನಲ್ಲಿ ದೃಷ್ಟಿಯಿಟ್ಟು, ಅದು ಮಸುಕಾಗದಷ್ಟು ವೇಗದಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ಅರ್ಧ ನಿಮಿಷ ತಿರುಗಿಸಬೇಕು. ಬಳಿಕ ಮೇಲಕ್ಕೂ ಕೆಳಕ್ಕೂ. ಅನಂತರ ಎರಡು ಹೆಬ್ಬೆರಳುಗಳನ್ನು ದೂರ ದೂರ ಹಿಡಿದು, ತಲೆಯಾಡಿಸದೆ ನೋಟವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಬೇಕು. ಮೊದಲು ಕುಳಿತು, ಆಮೇಲೆ ಪಾದ ಜೋಡಿಸಿ ನಿಂತು, ಕೊನೆಗೆ ಒಂದು ಪಾದದ ಮುಂದೆ ಇನ್ನೊಂದನ್ನಿರಿಸಿ ಮಾಡತಕ್ಕದ್ದು. ತಲೆಸುತ್ತು ಬಂದರೆ ಒಡನೆ ನಿಲ್ಲಿಸಬೇಕು.

ಇದು ಮಂತ್ರವಿದ್ಯೆಯೇನೂ ಅಲ್ಲ. ಆರೋಗ್ಯವಂತ ಆಟಗಾರರ ಮೇಲೆ ನಡೆದ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಒಂದೇ ಫಲ ಕಂಡಿಲ್ಲ. ಕಾಲಿನ ಬಲಕ್ಕೂ ಮೈದಾನದ ಅಭ್ಯಾಸಕ್ಕೂ ಇದು ಬದಲಿಯಾಗದು. ಅವುಗಳಿಗೆ ಜೊತೆಗಾರನಾಗಬಹುದು, ಅಷ್ಟೆ.

ತಂದೆತಾಯಿಗಳಲ್ಲಿ ಎರಡು ವಿಜ್ಞಾಪನೆಗಳು. ಪದೇ ಪದೇ ಎಡವುವ ಮಗುವನ್ನು ಜರೆಯುವ ಮೊದಲು ಅದರ ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸಿರಿ. ತಲೆಗೆ ಪೆಟ್ಟು ಬಿದ್ದು ವಾಂತಿ, ತಲೆಸುತ್ತು, ಮಂಕು ಕಂಡುಬಂದರೆ, ಪಂದ್ಯವು ಎಷ್ಟೇ ಮುಖ್ಯವಾಗಿದ್ದರೂ ಮಗುವನ್ನು ಮತ್ತೆ ಕಣಕ್ಕಿಳಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆಟವು ಮುಂದಿನ ವರ್ಷವೂ ಬರುತ್ತದೆ; ಮಗುವಿನ ಆರೋಗ್ಯವೇ ಮೊದಲು.