ಚಿಗಟಗಳಿಗೂ ಸ್ತೋತ್ರ

ಕೊರಿ ಟೆನ್ ಬೂಮ್. ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ಊರಿನವರು. ವಾಚ್ ರಿಪೇರಿ ಮನೆತನದ ಕಸುಬು.

ನಾಜಿಗಳ ಕಾಲದಲ್ಲಿ ಅಂಗಡಿ ಮೇಲಿನ ಮನೆಯಲ್ಲಿ, ತಾವು ಮಲಗುವ ಕೋಣೆಯಲ್ಲೇ ಇನ್ನೊಂದು ಗೋಡೆ ಎಬ್ಬಿಸಿ ಯಹೂದಿಗಳನ್ನು ಬಚ್ಚಿಟ್ಟರು. 1944ರ ಫೆಬ್ರವರಿ 28ರಂದು ದಾಳಿ ಆಯಿತು. ಗೋಡೆ ಹಿಂದಿದ್ದ ಆರು ಜನ ಸಿಗಲಿಲ್ಲ, ಮನೆಯವರು ಸಿಕ್ಕಿಬಿದ್ದರು. 84 ವರ್ಷದ ಅಪ್ಪ ಸುಮಾರು ಹತ್ತು ದಿನದಲ್ಲೇ ಸೆರೆಯಲ್ಲಿ ತೀರಿಕೊಂಡರು.

ಕೊರಿ ಮತ್ತು ಅಕ್ಕ ಬೆಟ್ಸಿ ಕೊನೆಗೆ ಬಂದಿದ್ದು ನಾಜಿಗಳ ರಾವೆನ್ಸ್‌ಬ್ರುಕ್ ಸೆರೆ ಶಿಬಿರಕ್ಕೆ. ಕಣ್ತಪ್ಪಿಸಿ ಒಳಗೆ ತಂದ ಪುಟ್ಟ ಬೈಬಲ್ ಜೊತೆಗಿತ್ತು. ಬ್ಯಾರಕ್ ತುಂಬ ಚಿಗಟ. ‘ಇದಕ್ಕೂ ದೇವರಿಗೆ ಸ್ತೋತ್ರ ಹೇಳೋಣ’ ಅಂದರಂತೆ ಬೆಟ್ಸಿ. ಕೊರಿಗೆ ಇದು ಅತಿಯಾಯಿತು ಅನ್ನಿಸಿತು. ಯಾರಿಗಾದರೂ ಅನ್ನಿಸುವಂಥದ್ದೇ ಬಿಡಿ! ಆದರೆ ಚಿಗಟಕ್ಕೆ ಹೆದರಿಯೇ ಕಾವಲಿನವರು ಒಳಗೆ ಕಾಲಿಡುತ್ತಿಲ್ಲ ಅಂತ ಆಮೇಲೆ ತಿಳಿಯಿತು. ಮಂದ ಬಲ್ಬಿನ ಕೆಳಗೆ ಬೈಬಲ್ ಓದು ನಿರಾತಂಕವಾಗಿ ನಡೆಯಿತು. ಡಚ್ಚಿನಿಂದ ಜರ್ಮನ್‌ಗೆ, ಅಲ್ಲಿಂದ ಫ್ರೆಂಚ್, ಪೋಲಿಷ್‌ಗೆ, ಹೆಂಗಸರೇ ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು.

ಹಾಗಂತ ಪ್ರಾರ್ಥನೆ ಬೆಟ್ಸಿಯ ಜೀವ ಉಳಿಸಲಿಲ್ಲ. ಡಿಸೆಂಬರ್ 16ಕ್ಕೆ ಅವರೂ ಹೋದರು. ಇದನ್ನು ಮುಚ್ಚಿಟ್ಟು ಈ ಕಥೆ ಹೇಳುವುದು ಮೋಸ. ಕೊರಿಗೆ ಆ ತಿಂಗಳ ಕೊನೆಗೆ ಬಿಡುಗಡೆ ಆಯಿತು, ಅದೂ ಕಚೇರಿಯ ಯಾವುದೋ ತಪ್ಪಿನಿಂದ ಅಂತ ಅವರು ಹೇಳುತ್ತಿದ್ದರು.

1947, ಮ್ಯೂನಿಕ್. ಚರ್ಚಿನಲ್ಲಿ ಕೊರಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ ಅದೇ ಶಿಬಿರದ ಹಳೇ ಕಾವಲುಗಾರ ಎದುರಿಗೆ ಬಂದು ಕೈ ಚಾಚಿದ. ಕೊರಿಯ ಕೈ ಮೇಲೇಳಲೇ ಇಲ್ಲ. ನನ್ನಿಂದಾಗದು, ನೀನೇ ಶಕ್ತಿ ಕೊಡು ಅಂತ ಮನಸ್ಸಲ್ಲೇ ಯೇಸುವನ್ನು ಬೇಡಿಕೊಂಡ ಮೇಲಷ್ಟೇ ಕೈ ಕೊಟ್ಟೆ ಅಂತ ಅವರೇ ಬರೆದಿದ್ದಾರೆ. ಮುಂದೆ 60ಕ್ಕೂ ಹೆಚ್ಚು ದೇಶ ಸುತ್ತಿ ಇದನ್ನೇ ಹೇಳುತ್ತಾ ಬಂದರು.