ಮನೆಮಂದಿಯೆಲ್ಲ ಒಂದೇ ಫೋಟೋದಲ್ಲಿ

ನಿಮ್ಮ ಮನೆಯ ಆಲ್ಬಂ ಒಮ್ಮೆ ತೆರೆದು ನೋಡಿ. ಮಗುವಿನ ನಾಮಕರಣ, ಮೈದುನನ ಮದುವೆ, ಯಜಮಾನರ ಆಫೀಸಿನ ಸಮಾರಂಭ, ಎಲ್ಲವೂ ಇವೆ. ನೀವೆಲ್ಲಿ? ಆರತಿ ತಟ್ಟೆ ಹಿಡಿದು ಒಂದು ಮೂಲೆಯಲ್ಲಿ, ಅದೂ ಅರ್ಧ ಬೆನ್ನು. ಈಗ ಮನೆಮನೆಯಲ್ಲೂ ಕ್ಯಾಮೆರಾ ಇರುವ ಫೋನಿದೆ, ನಿಜ. ಆದರೆ ತೆಗೆಯುವವರು ನೀವೇ ಆದರೆ ಚಿತ್ರದಲ್ಲಿ ನೀವು ಇರುವುದೆಲ್ಲಿ ಬಂತು?

ಅಜ್ಜಿಯರ ಪಾಡಂತೂ ಕೇಳಲೇಬೇಡಿ. ನಮ್ಮ ಅತ್ತೆಯವರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಸಿಗಲಿಲ್ಲ. ಯಾರದೋ ಮದುವೆಯ ಗುಂಪಿನಿಂದ ಅವರ ಮುಖ ಕತ್ತರಿಸಿ ದೊಡ್ಡದು ಮಾಡಿಸಿದೆವು. ಪಕ್ಕದವರ ಭುಜ ಈಗಲೂ ಅದರಲ್ಲಿ ಸ್ಪಷ್ಟವಾಗಿದೆ, ಅತ್ತೆಯ ಮುಖ ಮಸಕು. ಅದಕ್ಕೇ ಹೇಳುತ್ತೇನೆ, ಎಲ್ಲರೂ ಇರುವಾಗಲೇ ಒಮ್ಮೆ ಸ್ಟುಡಿಯೋಗೆ ಹೋಗಿಬನ್ನಿ, ಇಲ್ಲವೇ ಛಾಯಾಗ್ರಾಹಕರನ್ನು ಮನೆಗೇ ಕರೆಸಿ.

ಹಿರಿಯರನ್ನು ಒಪ್ಪಿಸುವುದೇ ದೊಡ್ಡ ಕೆಲಸ. 'ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆ' ಅನ್ನುವವರು ಇನ್ನೂ ಇದ್ದಾರೆ. ಗಂಡನನ್ನು ಕಳೆದುಕೊಂಡ ಅಜ್ಜಿ 'ನಾನ್ಯಾಕೆ ನಡುವೆ, ನೀವು ನಿಂತ್ಕೊಳ್ಳಿ' ಎಂದು ಹಿಂದೆ ಸರಿಯುತ್ತಾರೆ. ವಾದಕ್ಕಿಳಿಯಬೇಡಿ. 'ಮಗು ನಿಮ್ಮ ತೊಡೆಯ ಮೇಲಲ್ಲದೆ ಕೂರಲ್ಲ' ಅನ್ನಿ, ತಾವೇ ಬಂದು ಕೂರುತ್ತಾರೆ. ಕುರ್ಚಿ ಮಾತ್ರ ನಡುವಿನದೇ ಇರಲಿ.

ಇನ್ನು ಬಟ್ಟೆ. ಎಲ್ಲರಿಗೂ ಒಂದೇ ಬಣ್ಣ ಹೊಲಿಸುವ ಈಚಿನ ಪದ್ಧತಿ ನನಗೆ ಹಿಡಿಸದು, ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತದೆ. ಒಂದಕ್ಕೊಂದು ಹೊಂದುವ ಎರಡು ಮೂರು ಬಣ್ಣ ಸಾಕು. ಮೈತುಂಬ ಜರಿಯಿರುವ ಸೀರೆ ಬೆಳಕನ್ನೆಲ್ಲ ವಾಪಸ್ಸು ಹೊಡೆಯುತ್ತದೆ, ನೋಡುವವರ ಕಣ್ಣು ಮುಖದ ಬದಲು ಅಲ್ಲಿಗೇ ಹೋಗುತ್ತದೆ. ಸಣ್ಣ ಅಂಚಿನ ಮೈಸೂರು ಸಿಲ್ಕ್ ಚೆನ್ನ. ಯಜಮಾನರ ಷರ್ಟಿನಲ್ಲಿ ತೀರ ಒತ್ತೊತ್ತಾದ ಗೆರೆಗಳು ಬೇಡ, ಡಿಜಿಟಲ್ ಕ್ಯಾಮೆರಾದಲ್ಲಿ ಅವು ಅಲೆಯಲೆಯಾಗಿ ಕಾಣುವುದುಂಟು. ಅವರ ಜೇಬಿನಿಂದ ಫೋನು, ಬೀಗದ ಕೈ ನೀವೇ ತೆಗೆದಿಡಿ, ಹೇಳಿದರೆ ಮರೆಯುತ್ತಾರೆ! ಪೌಡರು ಜಾಸ್ತಿಯಾದರೆ ಫ್ಲ್ಯಾಷಿನ ಬೆಳಕಿಗೆ ಮುಖ ಸುಣ್ಣ ಬಳಿದಂತಾಗುತ್ತದೆ.

ಮಗಳಿಗೆ ಮೊಗ್ಗಿನ ಜಡೆ ಹಾಕಿಸಿದ್ದೀರಾ? ಹಿಂದೆ ಸ್ಟುಡಿಯೋಗಳಲ್ಲಿ ಹುಡುಗಿಯ ಬೆನ್ನ ಹಿಂದೆ ಕನ್ನಡಿಯಿಟ್ಟು ಮುಖ, ಜಡೆ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯುತ್ತಿದ್ದರು. ಎಂಥ ಜಾಣತನ ನೋಡಿ. ಈಗಲೂ ಕೇಳಿ ತೆಗೆಸಬಹುದು.

ಚಿಕ್ಕ ಮಕ್ಕಳಿದ್ದರೆ ಅವರ ನಿದ್ದೆಯ ಹೊತ್ತು ತಪ್ಪಿಸಿ ಸಮಯ ಗೊತ್ತುಮಾಡಿ. ಹೊಟ್ಟೆಗೆ ಹಾಕಿ ಕರೆದೊಯ್ಯಿರಿ, ಹೊಸ ಬಟ್ಟೆ ಅಲ್ಲಿಗೆ ಹೋದ ಮೇಲೆ ತೊಡಿಸಿ. 'ನಗು, ನಗು' ಎಂದು ಗದರಿದರೆ ಯಾವ ಮಗು ನಕ್ಕೀತು? ಕನ್ನಡಕದವರ ಗಾಜು ಹೊಳೆಯುತ್ತಿದ್ದರೆ ಕಿವಿಯ ಮೇಲಿನ ಕಡ್ಡಿಗಳನ್ನು ಒಂಚೂರು ಎತ್ತಿಡಿ, ಗಾಜು ಕೆಳಕ್ಕೆ ಬಾಗಿ ಹೊಳಪು ಕಡಿಮೆಯಾಗುತ್ತದೆ.

ಗುಂಪಿನ ಫೋಟೋ ಮುಗಿದೊಡನೆ ಎದ್ದುಬಿಡಬೇಡಿ. ಅಜ್ಜ ಅಜ್ಜಿಯರದು ಒಬ್ಬೊಬ್ಬರದೇ ಒಂದೊಂದು ತೆಗೆಸಿ. ಯಾಕೆ ಅಂತ ಅವರಿಗೆ ವಿವರಿಸುವ ಅಗತ್ಯವಿಲ್ಲ. ಹಾಗೇ ನಿಮ್ಮದೂ ಒಂದು.

'ಫೋನಿಗೆ ಕಳಿಸ್ತೀವಿ' ಅಂದರೆ ಅಷ್ಟಕ್ಕೇ ಒಪ್ಪಬೇಡಿ, ಫೋನು ಕೆಟ್ಟ ದಿನ ಅದೂ ಹೋಯಿತು. 8ಕ್ಕೆ 10 ಅಂಗುಲದ್ದೊಂದು ಪ್ರಿಂಟ್ ಹಾಕಿಸಿ. ಬಿಸಿಲು ಬೀಳುವ ಗೋಡೆ, ಬಚ್ಚಲಿನ ಪಕ್ಕದ ತೇವದ ಗೋಡೆ ಎರಡೂ ಬೇಡ. ಅಂಟುಹಾಳೆಯ ಆಲ್ಬಂ ಕೂಡ ಬೇಡ, ವರ್ಷ ಕಳೆದಂತೆ ಅಂಟು ಫೋಟೋವನ್ನೇ ಕೆಡಿಸುತ್ತದೆ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ತಾರೀಖು ಮತ್ತು ಎಲ್ಲರ ಹೆಸರು ಬರೆದಿಡಿ. ನಿಮ್ಮ ಜಾಗದಲ್ಲಿ 'ಅಮ್ಮ' ಅಂತ ಬರೆಯಬೇಡಿ, ಹೆಸರು ಬರೆಯಿರಿ.